ನೋಡೋಕೆ ಚೆಂದ, ಎರಡು ಗಂಟೆಗೆ ಕಾಲು ನೋವು: ಹಳೇ ಕಾಲದ ಬ್ಯಾಸ್ಕೆಟ್‌ಬಾಲ್ ಶೂ ದಿನಾ ಹಾಕುವವರು ಹೇಗೆ ಹಾಕುತ್ತೀರಿ?

ಬಿಳಿಲೇಸ್

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಆರೇಳು ಗಂಟೆ ನಿಂತಿರುತ್ತೇನೆ, ಇಲ್ಲಾ ಕಪಾಟುಗಳ ನಡುವೆ ಓಡಾಡುತ್ತಿರುತ್ತೇನೆ. ನೆಲ ಪೂರ್ತಿ ಕಲ್ಲು. ಮೂರು ತಿಂಗಳ ಹಿಂದೆ ಒಂದು ಜೋಡಿ ರೆಟ್ರೊ ಬ್ಯಾಸ್ಕೆಟ್‌ಬಾಲ್ ಶೂ ತಗೊಂಡೆ. ಎಂಬತ್ತರ ದಶಕದ ವಿನ್ಯಾಸ, ಹೈ ಟಾಪ್ (ಪಾದದ ಕೀಲು ಮುಚ್ಚುವಷ್ಟು ಎತ್ತರದ್ದು), ಬಿಳಿ ಚರ್ಮದ ಮೇಲೆ ಕಡು ಹಸಿರು. ಕಾಲೇಜಿನಲ್ಲಿದ್ದಾಗಿನಿಂದ ಇದರ ಮೇಲೆ ಕಣ್ಣಿತ್ತು. ಯಾವ ಪ್ಯಾಂಟಿಗೆ ಹಾಕಿದರೂ ಒಪ್ಪುತ್ತದೆ. ಬಾಗಿಲ ಹತ್ತಿರ ಸುಮ್ನೆ ಬಿಟ್ಟಿದ್ದರೂ ನೋಡಬೇಕು ಅನ್ನಿಸುತ್ತದೆ.

ಆದರೆ ಹಾಕಿ ಎರಡು ಗಂಟೆ ಆಗುವಷ್ಟರಲ್ಲಿ ಕಾಲು ಸೋಲುತ್ತದೆ. ಸಂಜೆ ಶೂ ಬಿಚ್ಚಿ ಸಾಕ್ಸ್ ಎಳೆದರೆ ಕಿರುಬೆರಳಿನ ಪಕ್ಕದಲ್ಲಿ ಕೆಂಪು ಗೆರೆ. ಹೊಲಿಗೆ ಹೇಗೆ ಹೋಗಿದೆಯೋ ಹಾಗೇ ಚರ್ಮದ ಮೇಲೆ ಅಚ್ಚು ಬಿದ್ದಿರುತ್ತದೆ, ದಾರ ಎಣಿಸಬಹುದು. ಅಂಗಾಲು ಬಿಸಿಯಾಗಿರುತ್ತದೆ.

ನನ್ನ ಹತ್ತಿರ ಓಡುವ ಶೂ ಇದೆ, ಅದರಲ್ಲಿ ಏನೂ ತೊಂದರೆ ಇಲ್ಲ. ಆದರೆ ಅದನ್ನು ಹಾಕಿದ ದಿನ ನಾನು ನಾನಾಗಿ ಇಲ್ಲ ಅನ್ನಿಸುತ್ತದೆ. ಹಳೇ ವಿನ್ಯಾಸ ಅಂದರೆ ನೋವು ಸಹಿಸಲೇಬೇಕಾ? ದಿನಾ ಹಾಕುವವರು ಇದ್ದರೆ ದಯವಿಟ್ಟು ಹೇಳಿ.

ಸುಮ್ನೆನಡಿ

ಒಂದು ಸೈಜ್ ದೊಡ್ಡದು ತಗೊಳ್ಳಬೇಕಿತ್ತು. ಅಷ್ಟೇ.

ಕ್ಯಾನ್ವಾಸ್‌ಕಾಲು

ಮೊದಲು ಒಂದು ವಿಷಯ. ಈ ಶೂಗಳು ಹುಟ್ಟಿದಾಗ ಫ್ಯಾಷನ್‌ಗೆ ಅಂತ ಹುಟ್ಟಿದ್ದಲ್ಲ. ಆಯಾ ಕಾಲದಲ್ಲಿ ಆಟಗಾರರಿಗೆ ಸಿಗುತ್ತಿದ್ದ ಒಳ್ಳೇ ಶೂಗಳು ಇವೇ ಆಗಿದ್ದವು. ಕಾನ್ವರ್ಸ್ ಆಲ್ ಸ್ಟಾರ್ ಬಂದಿದ್ದು 1917ರಲ್ಲಿ. ಆಗ ರಬ್ಬರ್ ತಳ, ಗಟ್ಟಿ ಬಟ್ಟೆ, ಪಾದದ ಕೀಲು ಮುಚ್ಚುವಷ್ಟು ಎತ್ತರ, ಇಷ್ಟಿದ್ದರೆ ಅದೇ ದೊಡ್ಡ ವಿಷಯ. ಅಡಿಡಾಸ್ ಸೂಪರ್‌ಸ್ಟಾರ್ 1969ರಲ್ಲಿ ಬಂದಾಗ ಬಟ್ಟೆ ಹೋಗಿ ಚರ್ಮ ಬಂತು, ಬೆರಳು ಕಾಯಲು ರಬ್ಬರ್ ಚಿಪ್ಪು ಬಂತು. 1982ರಲ್ಲಿ ನೈಕಿ ಏರ್ ಫೋರ್ಸ್ 1 ಬಂತು. ಹಿಮ್ಮಡಿ ಕೆಳಗೆ ಗಾಳಿ ತುಂಬಿದ ಚೀಲ ಇಟ್ಟ ನೈಕಿಯ ಮೊದಲ ಬ್ಯಾಸ್ಕೆಟ್‌ಬಾಲ್ ಶೂ ಅದು. ಅದರ ತಳ ತಿರುಗಿಸಿ ನೋಡಿ, ಮುಂಗಾಲಿನ ಹತ್ತಿರ ದುಂಡಗಿನ ಗೆರೆಗಳಿವೆ. ಆಟಗಾರ ಒಂಟಿ ಕಾಲಿನ ಮೇಲೆ ಗಿರಕ್ಕಂತ ತಿರುಗಲಿ ಅಂತ ಮಾಡಿದ್ದು. ವಿನ್ಯಾಸ ಮಾಡಿದವರು ಬ್ರೂಸ್ ಕಿಲ್ಗೋರ್.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆ ಶೂ ಮರದ ನೆಲಕ್ಕೆ ಮಾಡಿದ್ದು. ಒಳಾಂಗಣ ಕೋರ್ಟಿನ ಮರದ ಹಲಗೆ ಸ್ವಲ್ಪ ಮಣಿಯುತ್ತದೆ. ಕಲ್ಲು ಮಣಿಯಲ್ಲ. ಆಟಗಾರ ಜಿಗಿದು, ಓಡಿ, ಆಮೇಲೆ ಬೆಂಚಿನ ಮೇಲೆ ಕೂರುತ್ತಾನೆ. ಬಿಳಿಲೇಸ್ ಅವರು ಕಲ್ಲಿನ ಮೇಲೆ ಏಳು ಗಂಟೆ ನಿಲ್ಲುತ್ತಾರೆ. ಎರಡಕ್ಕೂ ಹೋಲಿಕೆಯೇ ಇಲ್ಲ.

ನಾನು ಹನ್ನೊಂದು ವರ್ಷದಿಂದ ಆಲ್ ಸ್ಟಾರ್ ಹಾಕುತ್ತಿದ್ದೇನೆ. ಮೊದಲು ಸಾದಾ ಜೋಡಿ, ಈಗ ಅದರದೇ ಇನ್ನೊಂದು ರೂಪ ಚಕ್ 70. ಈ 70 ಬಂದಿದ್ದು 2013ರಲ್ಲಿ. ಬಟ್ಟೆ ದಪ್ಪ, ಒಳಗಿನ ಮೆತ್ತೆಯೂ ಸಾದಾ ಜೋಡಿಗಿಂತ ಚೆನ್ನಾಗಿದೆ. ನನ್ನ ಕಾಲಿಗೆ ಸರಿಹೋಗುತ್ತದೆ. ಆದರೂ ಇಡೀ ದಿನ ನಿಲ್ಲುವ ಕೆಲಸ ಇದ್ದರೆ ಹಾಕಲ್ಲ. ಅದು ಆ ಶೂವಿನ ಕೆಲಸ ಅಲ್ಲ.

ಅಳತೆಪಟ್ಟಿ

ಒಂಬತ್ತು ವರ್ಷ ಶೂ ಅಂಗಡಿಯಲ್ಲಿ ಜನರ ಕಾಲ ಮುಂದೆ ಕೂತು ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಿಳಿಲೇಸ್ ಅವರೇ, ನೀವು ಎರಡು ನೋವು ಹೇಳಿದ್ದೀರಿ, ಒಂದೇ ಅಂದುಕೊಂಡಿದ್ದೀರಿ. ಕಿರುಬೆರಳಿನ ಪಕ್ಕದ ಕೆಂಪು ಗೆರೆ ಒಂದು. ಅಂಗಾಲು ಬಿಸಿಯಾಗೋದು ಇನ್ನೊಂದು. ಕಚ್ಚುವ ಶೂ ಬೇರೆ, ದಣಿಸುವ ಶೂ ಬೇರೆ. ಅಂಗಡಿಗೆ ಬಂದವರೆಲ್ಲ ಎರಡಕ್ಕೂ ಕಂಫರ್ಟ್ ಇಲ್ಲ ಅನ್ನೋ ಒಂದೇ ಮಾತು ಹೇಳುತ್ತಿದ್ದರು. ಆಮೇಲೆ ತಪ್ಪು ಪರಿಹಾರ ತಗೊಂಡು ಹೋಗುತ್ತಿದ್ದರು.

ಕಚ್ಚುತ್ತಿದ್ದರೆ ಶೂವಿನ ಆಕಾರ ನಿಮ್ಮ ಪಾದದ ಆಕಾರಕ್ಕೆ ಹೊಂದಿಲ್ಲ ಅಂತ ಅರ್ಥ. ಮೆತ್ತೆ ಹಾಕಿ ಅದನ್ನು ಸರಿ ಮಾಡೋಕೆ ಆಗಲ್ಲ. ಇನ್ನೂ ಕೆಡುತ್ತದೆ. ದಪ್ಪ ಇನ್‌ಸೋಲ್ (ಅಂಗಾಲಿನ ಕೆಳಗೆ ಶೂ ಒಳಗಿರುವ ಮೆತ್ತೆ) ಹಾಕಿದರೆ ಪಾದ ಮೇಲೇರುತ್ತದೆ, ಒಳಗಿನ ಜಾಗ ಕಡಿಮೆ ಆಗುತ್ತದೆ, ಬಿಗಿ ಜಾಸ್ತಿ ಆಗುತ್ತದೆ. ಇದನ್ನು ನಾನು ನೂರಾರು ಸಲ ನೋಡಿದ್ದೇನೆ.

ಸುಮ್ನೆನಡಿ ಅವರು ದೊಡ್ಡ ಸೈಜ್ ಅಂದರು. ಸೈಜ್ ಅಂದರೆ ಮುಖ್ಯವಾಗಿ ಉದ್ದ. ಒಂದು ಸೈಜ್ ಮೇಲೆ ಹೋದರೆ ಅಗಲವೂ ಒಂಚೂರು ಸಿಗುತ್ತದೆ ನಿಜ. ಆದರೆ ಅಷ್ಟಕ್ಕೆ ಹಿಮ್ಮಡಿ ಸಡಿಲ ಆಗುತ್ತದೆ, ನಡೆಯುವಾಗ ಜಾರುತ್ತದೆ, ಅಲ್ಲೊಂದು ಗುಳ್ಳೆ ಏಳುತ್ತದೆ. ಶೂ ಬಗ್ಗುವ ಜಾಗ ನಿಮ್ಮ ಬೆರಳು ಬಗ್ಗುವ ಜಾಗಕ್ಕಿಂತ ಮುಂದೆ ಹೋಗುತ್ತದೆ. ಆಮೇಲೆ ಚರ್ಮ ಎಲ್ಲೆಲ್ಲೋ ಮಡಚಿ ಬೆರಳ ಬುಡಕ್ಕೆ ಒತ್ತುತ್ತದೆ.

ಅಂಗಡಿಯಲ್ಲಿ ಲೋಹದ ಅಳತೆ ತಟ್ಟೆ ನೋಡಿರಬಹುದು. ಬ್ರ್ಯಾನಾಕ್ ಅಂತ ಅದರ ಹೆಸರು. ಅದರಲ್ಲಿ ಮೂರು ಅಳತೆ ಸಿಗುತ್ತದೆ. ತುದಿಯವರೆಗಿನ ಉದ್ದ, ಅಗಲ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿನವರೆಗಿನ ಉದ್ದ. ಮೂರನೆಯದನ್ನು ಯಾರೂ ಕೇಳಲ್ಲ. ಶೂ ಎಲ್ಲಿ ಬಗ್ಗಬೇಕು ಅಂತ ಹೇಳೋದು ಅದೇ.

ಮನೆಯಲ್ಲಿ ಹೀಗೆ ಮಾಡಿ. ಸಂಜೆ ಮಾಡಿ, ದಿನ ಕಳೆದ ಹಾಗೆ ಪಾದ ಸ್ವಲ್ಪ ಊದಿರುತ್ತದೆ. ಶೂವಿನ ಇನ್‌ಸೋಲ್ ಹೊರಗೆ ಬಂದರೆ ತೆಗೆದು ನೆಲದ ಮೇಲಿಡಿ. ಅಂಟಿಸಿದ್ದರೆ ಕೀಳಬೇಡಿ, ಒಳಗಿನ ಅಗಲವನ್ನು ಕಾಗದದ ಪಟ್ಟಿಯಲ್ಲಿ ಅಳೆದುಕೊಳ್ಳಿ. ಆಮೇಲೆ ಇನ್‌ಸೋಲ್ ಮೇಲೆ ಪೂರ್ತಿ ಭಾರ ಬಿಟ್ಟು ನಿಂತುಕೊಳ್ಳಿ. ಪಾದದ ಮಾಂಸ ಅಂಚಿನಾಚೆ ಎಷ್ಟು ಚೆಲ್ಲಿದೆ ನೋಡಿ. ಕೂದಲೆಳೆಯಷ್ಟು ಚೆಲ್ಲಿದರೆ ಪರವಾಗಿಲ್ಲ, ಚರ್ಮ ಅಷ್ಟು ಬಿಟ್ಟುಕೊಡುತ್ತದೆ. ಅರ್ಧ ಬೆರಳಿನಷ್ಟು ಚೆಲ್ಲಿದರೆ ಆ ಶೂ ನಿಮ್ಮದಲ್ಲ. ಎಷ್ಟು ಪ್ರೀತಿ ಇದ್ದರೂ ಅಲ್ಲ.

ದಣಿಸುವ ಶೂ ಕಥೆ ಬೇರೆ. ಅದಕ್ಕೆ ದಾರಿ ಇದೆ. ಮೊದಲು ಇದನ್ನು ನೋಡಿ ಹೇಳಿ.

ಕೆಂಪುಕಪ್ಪು23

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟಪಟ್ಟ ವಸ್ತುವಿಗೆ ಸ್ವಲ್ಪ ನೋವು ತಡೆದುಕೊಂಡರೆ ತಪ್ಪಿಲ್ಲ.

1998ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ತಮ್ಮ 1985ರ ಮೊದಲ ಏರ್ ಜೋರ್ಡನ್ ಹಾಕಿಕೊಂಡು ಆಡಿದರು. ಬುಲ್ಸ್ ತಂಡದ ಪರವಾಗಿ ಅಲ್ಲಿ ಅವರ ಕೊನೆಯ ಆಟ ಅದು. ಅಷ್ಟು ಹೊತ್ತಿಗೆ ಅವರ ಹೆಸರಿನ ಶೂ ಎಷ್ಟೋ ಮುಂದೆ ಹೋಗಿತ್ತು, ಬೇಕಿದ್ದರೆ ಹೊಸದು ಹಾಕಬಹುದಿತ್ತು. ಹಾಕಲಿಲ್ಲ. 42 ಪಾಯಿಂಟ್ ಹೊಡೆದರು. ಕಾಲಲ್ಲಿ ರಕ್ತ ಬಂದಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ.

ನನಗೆ ಆ ಕಥೆ ಬಹಳ ದೊಡ್ಡದು. ನಾನು ಆ ಜೋಡಿಯ ರೆಟ್ರೊ (ಅದೇ ಹಳೇ ವಿನ್ಯಾಸದಲ್ಲಿ ಮತ್ತೆ ಮಾಡಿದ್ದು) ಹಾಕಿ ಹೊರಗೆ ಹೊರಟರೆ ನಡಿಗೆಯೇ ಬದಲಾಗುತ್ತದೆ. ಬೆನ್ನು ನೇರ ಆಗುತ್ತದೆ. ಅದೂ ಒಂದು ಥರದ ಕಂಫರ್ಟ್ ಅಲ್ವಾ?

ಅಳತೆಪಟ್ಟಿ

ಕೆಂಪುಕಪ್ಪು ಅವರೇ, ಆ ಮಾತನ್ನು ನಾನು ಒಪ್ಪುತ್ತೇನೆ. ಶೂ ಹಾಕಿದ ಕೂಡಲೇ ಕನ್ನಡಿ ಮುಂದೆ ಬೆನ್ನು ನೇರ ಮಾಡಿಕೊಳ್ಳುವವರನ್ನು ದಿನಾ ನೋಡಿದ್ದೇನೆ, ಆ ಖುಷಿ ಸುಳ್ಳಲ್ಲ. ಆದರೆ ಜೋರ್ಡನ್ ಅದನ್ನು ಒಂದು ರಾತ್ರಿ ಮಾಡಿದರು. ಬಿಳಿಲೇಸ್ ಅವರು ವಾರಕ್ಕೆ ಆರು ದಿನ ಮಾಡಬೇಕು. ಕಿರುಬೆರಳ ಮೇಲೆ ದಿನಾ ಒಂದೇ ಕಡೆ ಒತ್ತಿದರೆ ಆಣಿ ಕಟ್ಟುತ್ತದೆ. ಆಮೇಲೆ ಯಾವ ಶೂ ಹಾಕಿದರೂ ನೋವೇ.

ಅಗಲಪಾದ

ಈ ಚರ್ಚೆ ನನಗಾಗಿಯೇ ಶುರುವಾದ ಹಾಗಿದೆ. ನನ್ನ ಪಾದ ಚಿಕ್ಕದು, ಆದರೆ ಅಗಲ. ಹೆಬ್ಬೆರಳ ಬುಡದಲ್ಲಿ ಮೂಳೆ ಉಬ್ಬಿದೆ, ಅಮ್ಮನಿಗೂ ಹಾಗೇ ಇದೆ. ಇಪ್ಪತ್ತು ವರ್ಷದವಳಿದ್ದಾಗ ಚೂಪು ಮೂತಿಯ ಲೋ ಟಾಪ್‌ಗಳನ್ನೇ (ಕೀಲು ಮುಚ್ಚದ ಗಿಡ್ಡ ಶೂ) ಹಾಕುತ್ತಿದ್ದೆ. ಬೇರೆ ಯಾವುದೂ ಚೆಂದ ಕಾಣಲ್ಲ ಅಂತ ಹಟ. ಈಗ ಮೂವತ್ತೆಂಟು. ಆ ಹಟ ಬೇಗ ಬಿಡಬೇಕಿತ್ತು ಅಂತ ಮನಸ್ಸಿಗೆ ಬರುತ್ತದೆ.

ನನಗೆ ದಾರಿ ಸಿಕ್ಕಿದ್ದು ಸ್ಯೂಡ್‌ನಲ್ಲಿ, ಅಂದರೆ ಮೇಲ್ಮೈ ನವಿರಾಗಿರುವ ಮೆತ್ತನೆ ಚರ್ಮದಲ್ಲಿ. ಸ್ಯೂಡ್ ಕಾಲಿಗೆ ಮಣಿಯುತ್ತದೆ. ಮೇಲೆ ದಪ್ಪ ಬಣ್ಣದ ಪದರ ಕೊಟ್ಟ ಬಿಳಿ ಚರ್ಮ ಹಾಗೆ ಮಣಿಯಲ್ಲ, ಪ್ಲಾಸ್ಟಿಕ್ ಥರ ಗಟ್ಟಿಯಾಗಿ ಮಡಚಿಕೊಳ್ಳುತ್ತದೆ. ಪೂಮಾ ಕ್ಲೈಡ್ ಗೊತ್ತಿರಬಹುದು, 1973ರದು. ನ್ಯೂಯಾರ್ಕ್ ನಿಕ್ಸ್ ಆಟಗಾರ ವಾಲ್ಟ್ ಫ್ರೇಜರ್ ಅವರ ಅಡ್ಡಹೆಸರೇ ಆ ಶೂವಿಗೆ ಬಂತು. ಆಗಿದ್ದ ಸ್ಯೂಡ್ ಶೂಗಿಂತ ಹಗುರ, ಸ್ವಲ್ಪ ಅಗಲ ಇರಲಿ ಅಂತ ಅವರು ಕೇಳಿದ್ದರು. ಅಂಕಣದ ಹೊರಗೆ ಅಷ್ಟು ಠೀವಿಯಿಂದ ಬಟ್ಟೆ ತೊಡುತ್ತಿದ್ದ ಮನುಷ್ಯ, ಶೂ ವಿಷಯ ಬಂದಾಗ ಮೊದಲು ಕೇಳಿದ್ದು ತೂಕ ಮತ್ತು ಅಗಲ. ನನಗೆ ಇದು ಬಹಳ ಇಷ್ಟ.

ಇನ್ನೊಂದು. ಶೂ ಮುಂಭಾಗ ಮಡಚಬಾರದು ಅಂತ ಒಳಗೆ ಪ್ಲಾಸ್ಟಿಕ್ ತಡೆ ಹಾಕುತ್ತಾರಲ್ಲ, ಬಿಳಿಲೇಸ್ ಅವರು ಹಾಕಿದ್ದೀರಾ? ನಾನು ಒಂದು ವಾರ ಹಾಕಿ ನೋಡಿದೆ. ಸರಿಯಾಗಿ ಬೆರಳ ಬುಡದ ಮೇಲೆ ಅದರ ಅಂಚು ಕೂರುತ್ತದೆ. ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ತೆಗೆದು ಎಸೆದೆ. ನಡೆದ ಶೂವಿನಲ್ಲಿ ಮಡಿಕೆ ಇರಬೇಕು. ಮುಖದಲ್ಲಿ ನಗು ಗೆರೆ ಇದ್ದ ಹಾಗೆ ಅದು.

ತಳದವನು

ದಣಿಸುವ ಭಾಗದ ಬಗ್ಗೆ ನಾನು ಬರೆಯುತ್ತೇನೆ, ಶೂ ರಿಪೇರಿ ನನ್ನ ಹವ್ಯಾಸ. ಹಳೇ ಜೋಡಿಗಳ ತಳ ಬಿಚ್ಚಿ ಜೋಡಿಸುತ್ತಿರುತ್ತೇನೆ.

ಹೊರಗಿಂದ ನೋಡಿದರೆ ಎಲ್ಲಾ ಒಂದೇ ಥರ ಚಪ್ಪಟೆ ತಳ. ಒಳಗೆ ಎರಡು ಜಾತಿ. ಆಲ್ ಸ್ಟಾರ್, ನೈಕಿ ಬ್ಲೇಜರ್ ಇವೆಲ್ಲ ವಲ್ಕನೈಸ್ಡ್. ರಬ್ಬರ್ ತಳ ಜೋಡಿಸಿ, ಸುತ್ತ ರಬ್ಬರ್ ಪಟ್ಟಿ ಸುತ್ತಿ, ಇಡೀ ಶೂವನ್ನೇ ಬಿಸಿ ಒಲೆಯೊಳಗೆ ಇಟ್ಟು ಬೇಯಿಸುತ್ತಾರೆ. ತಳ ತೆಳು, ಚೆನ್ನಾಗಿ ಬಾಗುತ್ತದೆ, ನೆಲ ಕಾಲಿಗೆ ಗೊತ್ತಾಗುತ್ತದೆ. ತೂಕ ಎತ್ತುವ ಜಿಮ್‌ನವರಿಗೆ ಇದಕ್ಕೇ ಆಲ್ ಸ್ಟಾರ್ ಅಂದರೆ ಇಷ್ಟ, ಭಾರ ಹೊತ್ತಾಗ ತಳ ಅದುಮಿಕೊಳ್ಳಲ್ಲ. ಆದರೆ ಕಲ್ಲಿನ ಮೇಲೆ ನಿಂತರೆ ಕಲ್ಲಿನ ಮೇಲೆ ನಿಂತ ಹಾಗೇ.

ಇನ್ನೊಂದು ಕಪ್‌ಸೋಲ್. ಸೂಪರ್‌ಸ್ಟಾರ್, ಏರ್ ಫೋರ್ಸ್ 1, ನೈಕಿ ಡಂಕ್ ಎಲ್ಲ ಇದೇ. ರಬ್ಬರ್ ಬಟ್ಟಲಿನೊಳಗೆ ಶೂ ಕೂರಿಸಿ ಸುತ್ತ ಹೊಲಿಯುತ್ತಾರೆ. ಬಟ್ಟಲಿನ ಗೋಡೆ ಎತ್ತರ ಇದೆ ಅಂತ ಒಳಗೂ ಅಷ್ಟು ಎತ್ತರ ಮೆತ್ತೆ ಇದೆ ಅಂದುಕೊಳ್ಳಬೇಡಿ. ಒಂದು ಹಳೇ ಜೋಡಿ ಅಡ್ಡ ಕೊಯ್ದು ನೋಡಿದೆ. ಹೊರಗೆ ನೋಡಿದಾಗ ಕಂಡ ದಪ್ಪದಲ್ಲಿ ಮುಂಗಾಲಿನ ಕೆಳಗೆ ಸಿಕ್ಕಿದ್ದು ಒಂದು ತೆಳು ಫೋಮ್ ಪಟ್ಟಿ. ಉಳಿದಿದ್ದೆಲ್ಲ ರಬ್ಬರ್. ಕಪ್‌ಸೋಲ್ ಮೊದಲ ಎರಡು ವಾರ ಹಲಗೆ ಥರ ಇರುತ್ತದೆ, ಆಮೇಲೆ ಬಗ್ಗಲು ಕಲಿಯುತ್ತದೆ. ತೂಕವೂ ಜಾಸ್ತಿ. ಸಂಜೆ ಹೊತ್ತಿಗೆ ಮೊಣಕಾಲ ಕೆಳಗಿನ ಸ್ನಾಯು ಹಿಡಿಯೋದು ಹೆಚ್ಚಾಗಿ ಇದಕ್ಕೇ.

ಅದೇ ರೂಪ ಇಟ್ಟುಕೊಂಡು ಒಳಗೆ ಬದಲಾಯಿಸಬಹುದು ಅನ್ನೋದಕ್ಕೆ ಡಂಕ್ ಒಳ್ಳೇ ಉದಾಹರಣೆ. 1985ರಲ್ಲಿ ಬಂದಾಗ ಅದು ಕಾಲೇಜು ತಂಡಗಳ ಶೂ. 2002ರಲ್ಲಿ ಸ್ಕೇಟ್‌ಬೋರ್ಡ್‌ನವರಿಗೆ ಅಂತ ಅದನ್ನೇ ಮತ್ತೆ ತಂದಾಗ ಲೇಸ್ ಕೆಳಗಿನ ನಾಲಿಗೆಗೆ ದಪ್ಪ ಮೆತ್ತೆ ತುಂಬಿದರು, ಇನ್‌ಸೋಲ್‌ನಲ್ಲಿ ಗಾಳಿ ಚೀಲ ಇಟ್ಟರು. ಹೊರಗಿನಿಂದ ನೋಡಿದರೆ ಅದೇ ಶೂ. ಕಾಲಿಗೆ ಬೇರೆ ಶೂ.

ಹಾಗಾಗಿ ಕಚ್ಚದ, ಆದರೆ ದಣಿಸುವ ಶೂ ನಿಮ್ಮ ಹತ್ತಿರ ಇದ್ದರೆ ಬಿಡಬೇಡಿ. ಒಳಗಿನ ಇನ್‌ಸೋಲ್ ತೆಗೆದು ಅಷ್ಟೇ ದಪ್ಪದ, ಆದರೆ ಒಳ್ಳೇ ಫೋಮ್‌ನ ಇನ್‌ಸೋಲ್ ಹಾಕಿ. ಹಳೆಯದರ ಮೇಲೆ ಹೊಸದು ಹಾಕೋದು ಬೇಡ, ಜಾಗ ಹೋಗುತ್ತದೆ. ಎರಡು ದಿನಕ್ಕೆ ಒಮ್ಮೆ ಹಾಕಿ. ಬೆವರು ಆರಲಿ, ಫೋಮ್ ಮತ್ತೆ ಉಬ್ಬಲಿ.

ಹಳೇಡಬ್ಬಿ

ಹೊಸ ಶೂ ತಂದು ಹಾಕದೇ ಇಡುವವರಿಗೆ ಒಂದು ಮಾತು ಹೇಳಬೇಕು. ನಾನೂ ಅದನ್ನೇ ಮಾಡಿದ್ದೆ.

ಒಂದು ಜೋಡಿ ಇತ್ತು. ಯಾವ ಕಂಪನಿ ಅಂತ ಬೇಡ. ಕಾಲಿಗೆ ಸ್ವಲ್ಪ ಬಿಗಿ, ನೋಡಲು ಬಹಳ ಚೆಂದ. ಹಾಕಿದರೆ ಮಡಚುತ್ತದೆ, ಕೊಳೆಯಾಗುತ್ತದೆ ಅಂತ ಒಂಬತ್ತು ವರ್ಷ ಡಬ್ಬಿಯಲ್ಲೇ ಇಟ್ಟೆ. ವರ್ಷಕ್ಕೆ ಎರಡು ಸಲ ತೆಗೆದು ನೋಡುತ್ತಿದ್ದೆ. ತಂಗಿ ಮದುವೆಗೆ ಹಾಕೋಣ ಅಂತ ಹೊರತೆಗೆದೆ. ಕಾರಿನಿಂದ ಇಳಿದು ಮೂವತ್ತು ಹೆಜ್ಜೆ ಇಟ್ಟಿರಬಹುದು, ಕೆಳಗೆ ಏನೋ ಮೆತ್ತಗೆ ಅನ್ನಿಸಿತು. ತಿರುಗಿ ನೋಡಿದರೆ ನಾನು ನಡೆದು ಬಂದ ದಾರಿಯಲ್ಲಿ ಬಿಳಿ ಪುಡಿ. ಎಡ ಶೂವಿನ ಹಿಮ್ಮಡಿ ತಳ ನೆನೆದ ರೊಟ್ಟಿಯ ಹಾಗೆ ಉದುರುತ್ತಿತ್ತು. ಬೆರಳಿಂದ ಒತ್ತಿದರೆ ಒಳಗೇ ಹೋಯಿತು. ಮೇಲಿನ ಚರ್ಮ ಮಾತ್ರ ಹೊಚ್ಚ ಹೊಸದರ ಹಾಗೆ ಮಿಂಚುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಪಾಲಿಯುರೆಥೇನ್ ಫೋಮ್ ಗಾಳಿಯ ತೇವ ಹೀರಿಕೊಂಡು ಒಳಗೊಳಗೇ ಒಡೆಯುತ್ತದೆ. ಹೈಡ್ರಾಲಿಸಿಸ್ ಅಂತಾರೆ. ಹಾಕಿದರೂ ಹಾಕದಿದ್ದರೂ ನಡೆಯುತ್ತಿರುತ್ತದೆ. ಒಂಬತ್ತು ವರ್ಷ ಅದರಲ್ಲಿ ನಾನು ಒಂದು ದಿನವೂ ನಡೆಯಲಿಲ್ಲ. ಆ ಬೇಸರ ಇನ್ನೂ ಇದೆ.

ಆಲ್ ಸ್ಟಾರ್ ಥರ ಪೂರ್ತಿ ರಬ್ಬರ್ ತಳ ಇರುವ ಶೂಗಳಲ್ಲಿ ಹೀಗೆ ಪುಡಿಯಾಗೋದಿಲ್ಲ. ಅವು ವಯಸ್ಸಾದರೆ ಹಳದಿಯಾಗುತ್ತವೆ, ಗಟ್ಟಿಯಾಗುತ್ತವೆ, ಅಂಟು ಬಿಡುತ್ತದೆ.

ಸುಮ್ನೆನಡಿ

ಅಳತೆಪಟ್ಟಿ ಅವರೇ, ನಿಮ್ಮ ಮಾತು ಓದಿ ನಾನೂ ಇನ್‌ಸೋಲ್ ಮೇಲೆ ನಿಂತು ನೋಡಿದೆ. ಹತ್ತು ವರ್ಷದಿಂದ ಒಂದು ಸೈಜ್ ದೊಡ್ಡದು ಹಾಕುತ್ತಿದ್ದೇನೆ. ಮುಂದೆ ಎರಡು ಬೆರಳು ಖಾಲಿ, ಪಕ್ಕದಲ್ಲಿ ಇನ್ನೂ ಬಿಗಿ. ಬಲ ಹಿಮ್ಮಡಿಯ ಹಿಂದೆ ಚರ್ಮ ದಪ್ಪ ಆಗಿದೆ, ಅದು ಯಾಕೆ ಅಂತ ಇವತ್ತು ಗೊತ್ತಾಯಿತು. ಮೊದಲು ಹೇಳಿದ ಮಾತು ವಾಪಸ್ ತಗೊಳ್ಳುತ್ತೇನೆ. ಈಗಿರುವ ಜೋಡಿಗೆ ಏನಾದರೂ ಮಾಡಬಹುದಾ?

ಅಳತೆಪಟ್ಟಿ

ಮಾಡಬಹುದು. ಲೇಸ್‌ನಲ್ಲೇ ಅರ್ಧ ಕೆಲಸ ಆಗುತ್ತದೆ. ಬೆರಳ ಕಡೆಯ ಮೊದಲ ಎರಡು ತೂತಿನಲ್ಲಿ ಲೇಸ್ ಸಡಿಲ ಬಿಡಿ. ಮೇಲಿನ ಕೊನೆಯ ಎರಡು ತೂತಿನ ನಡುವೆ ಅದೇ ಪಕ್ಕದಲ್ಲಿ ಲೇಸ್ ಹೊಗಿಸಿ ಸಣ್ಣ ಕುಣಿಕೆ ಮಾಡಿ. ಈಗ ಎಡಗಡೆ ಲೇಸನ್ನು ಬಲಗಡೆ ಕುಣಿಕೆಯೊಳಗೆ, ಬಲಗಡೆಯದನ್ನು ಎಡಗಡೆ ಕುಣಿಕೆಯೊಳಗೆ ತೂರಿಸಿ ಕೆಳಗೆ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಜಾರೋದು ನಿಲ್ಲುತ್ತದೆ. ಹೈ ಟಾಪ್ ಆದರೆ ಕೀಲಿನ ಹತ್ತಿರ ಬಗ್ಗುವ ಜಾಗದ ತೂತು ಒಂದನ್ನು ಬಿಟ್ಟುಬಿಡಿ, ಅಲ್ಲಿ ಲೇಸ್ ಕೊಯ್ಯೋದು ಕಡಿಮೆ ಆಗುತ್ತದೆ.

ಬಿಳಿಲೇಸ್

ಹದಿನೈದು ದಿನ ಆಯಿತು. ಎಲ್ಲರೂ ಇಷ್ಟು ಸಮಯ ಕೊಟ್ಟು ಬರೆದಿರಿ, ಏನಾಯಿತು ಅಂತ ಹೇಳಬೇಕು.

ಮೊದಲ ದಿನವೇ ಇನ್‌ಸೋಲ್ ಮೇಲೆ ನಿಂತೆ. ಬಲಗಾಲು ಕಿರುಬೆರಳ ಕಡೆ ಅರ್ಧ ಬೆರಳಿಗಿಂತ ಜಾಸ್ತಿ ಚೆಲ್ಲಿತು. ಎಡಗಾಲು ಸ್ವಲ್ಪ ಕಡಿಮೆ. ಗೊತ್ತಾಯಿತು, ಆದರೂ ಮನಸ್ಸು ಒಪ್ಪಲಿಲ್ಲ. ಲೇಸ್ ಸಡಿಲ ಮಾಡಿದೆ. ತೆಳು ಸಾಕ್ಸ್ ಹಾಕಿದೆ. ಹೌದು ಅಗಲಪಾದ ಅವರೇ, ಮಡಿಕೆ ತಡೆಯುವ ಪ್ಲಾಸ್ಟಿಕ್ ಹಾಕಿದ್ದೆ, ಅದನ್ನೂ ತೆಗೆದೆ. ತೆಗೆದ ದಿನವೇ ಅರ್ಧ ನೋವು ಹೋಯಿತು. ಅಂಗಾಲು ಬಿಸಿಯಾಗೋದು ಇನ್‌ಸೋಲ್ ಬದಲಿಸಿದ ಮೇಲೆ ಬಹಳ ಕಡಿಮೆ ಆಯಿತು, ತಳದವನು ಅವರಿಗೆ ಧನ್ಯವಾದ. ಆದರೆ ಆ ಕೆಂಪು ಗೆರೆ ಹೋಗಲಿಲ್ಲ. ಮೊದಲು ಹಾಕಿ ಎರಡು ಗಂಟೆಗೆ ಬರುತ್ತಿತ್ತು, ಈಗ ನಾಲ್ಕು ಗಂಟೆ ಆದ ಮೇಲೆ ಬರುತ್ತದೆ.

ಅಂಗಡಿಗೆ ಹೋಗಿ ಆ ತಟ್ಟೆಯ ಮೇಲೆ ಕಾಲಿಟ್ಟು ಅಳೆಸಿದೆ. ನನ್ನ ಉದ್ದ ನಾನು ಅಂದುಕೊಂಡಿದ್ದಕ್ಕಿಂತ ಅರ್ಧ ಸೈಜ್ ಕಡಿಮೆ, ಅಗಲ ಜಾಸ್ತಿ. ಇಷ್ಟು ವರ್ಷ ಉದ್ದದಲ್ಲಿ ಅಗಲ ಹುಡುಕುತ್ತಿದ್ದೆ. ಅಗಲ ಇರುವ ಸ್ಯೂಡ್ ಲೋ ಟಾಪ್ ಒಂದು ಹಾಕಿ ನೋಡಿದೆ, ಕಡು ನೀಲಿ. ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಓಡಾಡಿದೆ. ಕಿರುಬೆರಳು ಎಲ್ಲಿದೆ ಅಂತ ನೆನಪೇ ಆಗಲಿಲ್ಲ. ತಗೊಂಡೆ. ಕೆಲಸಕ್ಕೆ ಅದು. ಮತ್ತೆ ಓಡುವ ಶೂ ಹಾಕಲಿಲ್ಲ.

ಹಸಿರು ಹೈ ಟಾಪ್ ಕೊಡಲು ಮನಸ್ಸು ಬರಲಿಲ್ಲ. ಭಾನುವಾರ ಸಂಜೆ ಒಂದು ಮೂರು ಗಂಟೆ ಕಾಲ ಅದನ್ನು ಹಾಕುತ್ತೇನೆ, ನಾಲ್ಕು ಗಂಟೆ ತುಂಬುವ ಮುಂಚೆ ಬಿಚ್ಚುತ್ತೇನೆ. ಹಳೇಡಬ್ಬಿ ಅವರ ಬಿಳಿ ಪುಡಿ ಓದಿದ ಮೇಲೆ ಡಬ್ಬಿಯಲ್ಲಿ ಇಡೋದು ಮಾತ್ರ ನಿಲ್ಲಿಸಿದೆ.

ಅಗಲಪಾದ

ಕಡು ನೀಲಿ ಸ್ಯೂಡ್! ಒಳ್ಳೇ ಆಯ್ಕೆ. ಮೊದಲೆರಡು ದಿನ ಬಣ್ಣ ಬಿಡಬಹುದು, ಬಿಳಿ ಸಾಕ್ಸ್ ಬೇಡ. ನೀರು ಬಿದ್ದರೆ ಉಜ್ಜಬೇಡಿ, ಒಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಬ್ರಷ್ ಮಾಡಿ.

ಕೆಂಪುಕಪ್ಪು23

ಹಸಿರು ಜೋಡಿ ಇಟ್ಟುಕೊಂಡಿದ್ದಕ್ಕೆ ಖುಷಿ ಆಯಿತು ಬಿಳಿಲೇಸ್ ಅವರೇ. ನಾನೂ ನನ್ನ ಇನ್‌ಸೋಲ್ ಮೇಲೆ ನಿಂತು ನೋಡಿದೆ. ಎಡಗಾಲು ಸರಿಯಾಗಿ ಕೂತಿದೆ, ಬಲಗಾಲು ಸ್ವಲ್ಪ ಚೆಲ್ಲುತ್ತದೆ. ಎರಡು ಕಾಲೂ ಒಂದೇ ಅಳತೆ ಇರಲ್ಲ ಅಂದಮೇಲೆ ಯಾವ ಕಾಲಿಗೆ ನೋಡಿ ತಗೊಳ್ಳಬೇಕು?

ಅಳತೆಪಟ್ಟಿ

ದೊಡ್ಡ ಕಾಲಿಗೆ. ಚಿಕ್ಕ ಕಾಲಿನ ಕಡೆ ಸಡಿಲ ಅನ್ನಿಸಿದರೆ ಅದೇ ಕುಣಿಕೆ ಹಾಕಿ ಲೇಸ್ ಕಟ್ಟಿ.